ಅಂಜಿಕಿ ಹೋತೇನು?

ಸಿನಿಮಾಕ್ಕೆ ಹೋಗೋಣ ಎಂದವಳು ನಾನೇ. ಆಮೇಲೆ ಮನೆಯಲ್ಲಿ ಯಾರು ಯಾರನ್ನು ಬೈದರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅಲ್ಲಿಗೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವವರು, ಅವರಿಗೆ ಭಾನುವಾರ ಎಂಬುದು ಬಂದಾಗ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ವಾರವಿಡೀ ರಾಯಚೂರಿನಿಂದ ಬಸ್ಸು ಹತ್ತಿ ಹೋಗಿ, ಬಸ್ಸು ಹತ್ತಿ ಬರುತ್ತೇನೆ. ಎರಡನೇ ತರಗತಿಯ ಮಗಳು ನಮ್ಮಿಬ್ಬರ ನಡುವೆ ಪಕ್ಕದ ಮನೆಯವರ ಕೈಯಲ್ಲೇ ಅರ್ಧ ಬೆಳೆದಿದ್ದಳು. ಒಂದು ಭಾನುವಾರವಾದರೂ ಅವಳ ಪಾಲಿಗೆ ಇರಲಿ ಎಂದು ಕಾರ್ಟೂನ್ ಸಿನಿಮಾಕ್ಕೆ ಕರೆದುಕೊಂಡು ಹೋದೆ.

ಸಿನಿಮಾ ತೆಲುಗಿನಲ್ಲಿ ಮಾತಾಡುತ್ತಿತ್ತು. ರಾಯಚೂರಿನಲ್ಲಿ ಅದೇನು ಹೊಸದಲ್ಲ. ಮಗಳಿಗೆ ಓಣಿಯ ಗೆಳತಿಯರಿಂದ ಕಲಿತ ತೆಲುಗು ಅಷ್ಟಿಷ್ಟು ಬರುತ್ತಿತ್ತು, ಉಳಿದದ್ದನ್ನು ನಾನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಕಥೆ ದೊಡ್ಡದೇನಲ್ಲ. ಹೊಸ ಮನೆಗೆ ಬಂದ ಒಬ್ಬ ಹುಡುಗಿ. ಅವಳ ಕಪಾಟಿನ ಹಿಂದೆ ಕಪ್ಪಗೆ, ಮೆತ್ತಗೆ, ಕಣ್ಣು ಮಾತ್ರ ಇರುವ ಒಂದು ಪ್ರಾಣಿ. ಏನಾಯಿತು ಮಗಳೇ ಎಂದು ತಾಯಿ ಕೇಳಿದಾಗಲೆಲ್ಲ ಹುಡುಗಿ ಏನೂ ಇಲ್ಲ ಎನ್ನುತ್ತಾಳೆ, ಏನೂ ಇಲ್ಲ ಎಂದಾಗಲೆಲ್ಲ ಆ ಪ್ರಾಣಿ ಗೇಣುದ್ದ ಬೆಳೆಯುತ್ತದೆ. ಕೊನೆಗೆ ಅದು ಚಾವಣಿಗೆ ತಾಗುವಷ್ಟು ಬೆಳೆದು ಹುಡುಗಿಗೆ ಉಸಿರಾಡಲು ಜಾಗವಿಲ್ಲದಂತಾದಾಗ ಅವಳು ಬಾಯಿಬಿಟ್ಟು, ನನಗೆ ಹೆದರಿಕೆಯಾಗಿದೆ ಎನ್ನುತ್ತಾಳೆ. ಅದು ಸಣ್ಣಗಾಗುತ್ತಾ ಆಗುತ್ತಾ ಚಪ್ಪಲಿಯೊಳಗೆ ಹಿಡಿಸುವಷ್ಟಾಗುತ್ತದೆ.

ಆ ಪ್ರಾಣಿ ಚಾವಣಿಗೆ ತಾಗಿದ ಹೊತ್ತಿನಲ್ಲಿ ಮಗಳು ನನ್ನ ತೊಡೆ ಏರಿ ಕೂತಿದ್ದಳು, ಪಾಪ್‌ಕಾರ್ನೆಲ್ಲ ಕೆಳಗೆ ಚೆಲ್ಲಿತ್ತು. ನಿಜ ಹೇಳಬೇಕೆಂದರೆ ನಾನೂ ಅವಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ನಾನು ಹುಟ್ಟಾ ಅಂಜುಬುರುಕಿ. ಹಲ್ಲಿಗೆ ಅಂಜುತ್ತೇನೆ, ಬಸ್ಸು ವಾಲಿದರೆ ಅಂಜುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಕೈಕಾಲು ತಣ್ಣಗಾಗುತ್ತವೆ. ಆದರೆ ಇದು ಯಾರಿಗೂ ಗೊತ್ತಿಲ್ಲ. ಯಾಕೆಂದರೆ ನನಗೆ ಅಂಜಿಕೆಯಾದಾಗ ಸಿಟ್ಟು ಬರುತ್ತದೆ, ಮನೆಯವರಿಗೆ ಕಾಣುವುದು ಆ ಸಿಟ್ಟು ಮಾತ್ರ. ಮಗಳ ಲೆಕ್ಕದಲ್ಲಿ ಅವಳ ತಾಯಿ ಯಾವುದಕ್ಕೂ ಅಂಜದ, ಎಲ್ಲದಕ್ಕೂ ಬೈಯುವ ಹೆಂಗಸು.

ಸಿನಿಮಾ ನೋಡಿ ಬಂದ ಮೇಲೆ ಅವಳಿಗೆ ಹೊಸ ಚಾಳಿ ಶುರುವಾಯಿತು. ಕುಕ್ಕರು ಕೂಗಿದರೆ ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ನನಗ ಅಂಜಿಕಿ ಆಗಾಕತ್ತದ" ಎನ್ನುವಳು. ಅಳುವುದಿಲ್ಲ, ಓಡುವುದಿಲ್ಲ, ಹಾಜರಿ ಕೂಗಿದಾಗ ಮಕ್ಕಳು ಹೇಳುವ ಹಾಗೆ ಹೇಳಿ ಹೋಗಿಬಿಡುವಳು. ತಂದೆಯ ಜೊತೆ ಶಕ್ತಿನಗರಕ್ಕೆ ಹೋದಾಗ ಆ ಎತ್ತರದ ಚಿಮಣಿಗಳ ಕೆಳಗೆ ನಿಂತು ಅದೇ ಮಾತು. ಲಿಫ್ಟಿನಲ್ಲಿ ಅದೇ ಮಾತು. ನಮ್ಮವರು ಬಿದ್ದು ಬಿದ್ದು ನಕ್ಕರು. ಒಂದು ದಿನ ಶಾಲೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, "ಟೀಚರ್, ನಿಮ್ಮನ್ನ ನೋಡಿದ್ರ ನನಗ ಅಂಜಿಕಿ ಆಗ್ತದ್ರಿ" ಎಂದುಬಿಟ್ಟಳು. ಆ ಟೀಚರು ನನಗೆ ಫೋನು ಮಾಡಿ, ಮನೆಯಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿದರು. ನಾನೂ ಅದೇ ವೃತ್ತಿಯವಳು, ನಾಚಿಕೆಯಿಂದ ಮುಖ ಬಿಸಿಯಾಯಿತು.

ಈ ಸುದ್ದಿ ದೇವದುರ್ಗಕ್ಕೆ ಮುಟ್ಟಲು ತಡವಾಗಲಿಲ್ಲ. ಅಲ್ಲಿ ನಮ್ಮವ್ವ ಇದ್ದಾಳೆ, ಅಣ್ಣನ ಸಂಸಾರದ ಜೊತೆ. ದಿನಾ ಸಂಜೆ ಫೋನು, ದಿನಾ ಮೊಮ್ಮಗಳ ವರದಿ.

"ಥಿಯೇಟರಿನಾಗ ಕೂಸು ಅಂಜಿಕೊಂಡದ," ಎಂದಳು. "ಹಿಂಗ ಬಿಡಬಾರದು. ಶನಿವಾರ ಕರಕೊಂಡು ಬಾ. ನೀರು ಕುಡಿಸೂಣು."

ನೀರು ಎಂದರೆ ಯಾವ ನೀರು ಎಂದು ನನಗೆ ಗೊತ್ತಿತ್ತು. ನಾನೂ ಕುಡಿದವಳೇ. ನಮ್ಮ ಮನೆಗಳಲ್ಲಿ ಮಗು ಬೆಚ್ಚಿಬಿದ್ದರೆ, ಕನವರಿಸಿದರೆ, ಕುಡಗೋಲನ್ನು ಕೆಂಪಗೆ ಕಾಸಿ ತಂಬಿಗೆಯ ನೀರಿನಲ್ಲಿ ಅದ್ದುತ್ತಾರೆ. ಚುಂಯ್ ಎಂದು ಹೊಗೆ ಏಳುತ್ತದೆ. ಆ ನೀರು ಆರಿದ ಮೇಲೆ ಮಗುವಿಗೆ ಕುಡಿಸುತ್ತಾರೆ. ಇಲ್ಲಿಯ ತನಕ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ. ನಮ್ಮವ್ವನ ತವರಿನ ಪದ್ಧತಿಯಲ್ಲಿ ಇನ್ನೊಂದು ಮಾತು ಸೇರಿತ್ತು. ಕುಡಿಸಿದ ಮೇಲೆ ಮಗುವನ್ನು, "ಅಂಜಿಕಿ ಹೋತೇನು?" ಎಂದು ಕೇಳಬೇಕು. ಹೋತು ಎಂದು ಮಗು ತನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಕುಡಗೋಲು ಮತ್ತೆ ಒಲೆಗೆ. ಹೇಳಿದ ಮೇಲೆ ಆ ಶಬ್ದವನ್ನು ಬಾಯಲ್ಲಿ ತರಬಾರದು, ತಂದರೆ ಹೋದದ್ದು ಮರಳಿ ಬರುತ್ತದೆ.

ನನಗೆ ನಂಬಿಕೆ ಇತ್ತೇ? ಇರಲಿಲ್ಲ. ಆದರೆ ಬೇಡ ಎನ್ನುವಷ್ಟು ಅಪನಂಬಿಕೆಯೂ ಇರಲಿಲ್ಲ. ಶಾಲೆಯಿಂದ ಬಂದ ಫೋನು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ನೀರೇ ತಾನೇ, ಕುಡಿದರೆ ಏನಾಗುತ್ತದೆ ಎಂದುಕೊಂಡು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಮಗಳ ಜೊತೆ ದೇವದುರ್ಗದ ಬಸ್ಸು ಹತ್ತಿದೆ.

ಹಿತ್ತಿಲಲ್ಲಿ ನೀರು ಕಾಸುವ ಒಲೆಯ ಮುಂದೆ ಮಣೆ ಹಾಕಿ ಕೂಡಿಸಿದರು. ಅಜ್ಜಿಯ ಮನೆಗೆ ಬಂದ ಹುರುಪಿನಲ್ಲಿ ಮಗಳು ಮೊದಲು ನಗುನಗುತ್ತಲೇ ಇದ್ದಳು. ಕುಡಗೋಲಿನ ಮೂತಿ ಕೆಂಡದಲ್ಲಿ ಕೆಂಪಾಗುತ್ತಿದ್ದಂತೆ ನಗು ನಿಂತಿತು. ಅವ್ವ ಅದನ್ನು ಎತ್ತಿ ನೀರಿಗೆ ಅದ್ದಿದಳು. ಆ ಸದ್ದಿಗೆ ಮಗಳು ಮಣೆಯ ಮೇಲೇ ಹಾರಿಬಿದ್ದಳು. ನಾನು ಭುಜ ಹಿಡಿದುಕೊಂಡೆ. ನೀರು ಕುಡಿದಳು, ಮುಖ ಕಿವುಚಿದಳು.

"ಅಂಜಿಕಿ ಹೋತೇನು ನನ ಕೂಸ?"

"ಇಲ್ಲ ಅಜ್ಜಿ. ಈಗ ಜಾಸ್ತಿ ಆಗ್ಯಾದ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವ್ವ ನಗಲಿಲ್ಲ. ಕುಡಗೋಲು ಮತ್ತೆ ಒಲೆಗೆ ಹೋಯಿತು, ಮತ್ತೆ ಆ ಸದ್ದು, ಮತ್ತೆ ಆ ನೀರು. ಮತ್ತೆಯೂ ಮಗಳು ಇಲ್ಲ ಎಂದಳು. ಮೂರನೆಯ ಸಲ ಕುಡಗೋಲು ಕೆಂಡಕ್ಕೆ ಹೋಗುವಾಗ ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ಏನಾದರೂ ಅನ್ನುತ್ತೇನೆ ಎಂದು ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಆಗ ನನಗೆ ಅನಿಸಿದ್ದು, ಹೊತ್ತು ಮುಳುಗುತ್ತಿದೆ, ಈ ಹುಡುಗಿಗೆ ಎಷ್ಟು ಹಟ ಎಂದು. "ಹೋತು ಅನ್ನು, ಮುಗೀಲಿ," ಎಂದೆ.

"ಹೋತು," ಎಂದಳು ಮಗಳು.

ಅವ್ವ ಅವಳ ಬಾಯಿಗೆ ಬೆಲ್ಲ ಇಟ್ಟು ನೆಟಿಕೆ ಮುರಿದಳು. "ನನ್ನ ಮೊಮ್ಮಗಳು ಶಾಣ್ಯಾಕಿ. ಇನ್ನ ಆ ಮಾತು ಬಾಯಾಗ ತರಬ್ಯಾಡ, ಹೂಂ?" ಮಗಳು ತಲೆಯಾಡಿಸಿದಳು. ಮಾರನೆಯ ದಿನ ಊಟ ಮುಗಿಸಿ ನಾವು ರಾಯಚೂರಿಗೆ ಮರಳಿದೆವು.

ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಕುಕ್ಕರು ಕೂಗಿತು, ಬಾಗಿಲಿಗೆ ಬರಲಿಲ್ಲ. ಶಾಲೆಯಿಂದ ಫೋನು ಬರಲಿಲ್ಲ. ನಾನು ಅವ್ವನಿಗೆ ಹೇಳಿದೆ, "ನಿನ್ನ ನೀರು ಭಾರಿ ಅದ ಬಿಡು." ಅವ್ವ ಹಿಗ್ಗಿ ಹೀರೆಕಾಯಿಯಾದಳು. ನಮ್ಮವರು ಮಾತ್ರ, ಹುಡುಗಿ ಯಾಕೋ ಮಂಕಾಗಿದ್ದಾಳೆ ಎಂದರು. ನಾನು ಅವರ ಮೇಲೆ ರೇಗಿದೆ. ಮಾತಾಡಿದರೂ ತಪ್ಪು, ಸುಮ್ಮನಿದ್ದರೂ ತಪ್ಪು, ಮಗಳನ್ನು ನೋಡಿಕೊಳ್ಳುವವಳು ನಾನು, ಟೀಕೆ ಮಾಡುವವರು ನೀವು ಎಂದೆ.

ಬುಧವಾರವೋ ಗುರುವಾರವೋ, ಬೆಳಿಗ್ಗೆ ಬಚ್ಚಲಿನಲ್ಲಿ ಅವಳ ಕಾಲಿಗೆ ಸೋಪು ಹಚ್ಚುತ್ತಿದ್ದೆ. ಮೀನಖಂಡದ ಹಿಂದೆ ಕೈಗೆ ಏನೋ ತರಿತರಿಯಾಗಿ ತಾಗಿತು. ತಿರುಗಿಸಿ ನೋಡಿದರೆ ಸಾಲಾಗಿ ಗೀರುಗಳು, ಒಣಗುತ್ತಾ ಬಂದಿದ್ದವು.

"ಏನಿದು?"

"ಏನಿಲ್ಲ."

"ಏನಿಲ್ಲ ಅಂದ್ರ? ಎಲ್ಲಿ ಬಿದ್ದಿ?"

ಅವಳು ನೀರಿನ ಬಕೆಟ್ಟನ್ನೇ ನೋಡುತ್ತಾ ನಿಂತಳು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ಆಗ ಹೊರಬಂತು. ಅಜ್ಜಿಯ ಓಣಿಯಲ್ಲಿ, ಭಾನುವಾರ ಬೆಳಿಗ್ಗೆ, ನಾಯಿಮರಿ ಎತ್ತಿಕೊಳ್ಳಲು ಹೋಗಿದ್ದಳು. ತಾಯಿನಾಯಿ ಬಂದಿತ್ತು. ಕೆಂಪು ನಾಯಿ, ಒಂದು ಕಿವಿ ಹರಿದಿತ್ತು.

ನಾಲ್ಕು ದಿನ! ಇಷ್ಟು ದಿನ ಇವಳು ಅನ್ನ ತಿಂದಳು, ಶಾಲೆಗೆ ಹೋದಳು, ನನ್ನ ಪಕ್ಕದಲ್ಲೇ ಮಲಗಿದಳು. ನಾನು ಅವಳಿಗೆ ಹೊಡೆದೆ. ಬೆನ್ನಿಗೆ ಒಂದು ಏಟು, ಒದ್ದೆ ಬೆನ್ನಿಗೆ. ಆಮೇಲೆ ಅದೇ ಕೈಯಿಂದ ಸೋಪು ಹಿಡಿದು ಆ ಗೀರುಗಳನ್ನು ತಿಕ್ಕಿ ತಿಕ್ಕಿ ತೊಳೆದೆ. ಅವಳು ಅಳಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಹೆಣ್ಣುಮಗಳು, ಶಾಂತ ಸ್ವಭಾವದವರು. ಕಾಲು ತಿರುಗಿಸಿ ನೋಡಿದರು. ಗೀಚಿದ ಗಾಯ, ರಕ್ತ ಬಂದಂತೆ ಕಾಣುವುದಿಲ್ಲ, ಲಸಿಕೆ ಇವತ್ತೇ ಶುರು ಮಾಡೋಣ, ಹೇಳಿದ ದಿನ ತಪ್ಪದೆ ಬಂದು ಹಾಕಿಸಿ ಎಂದರು. ಆಮೇಲೆ ಮಗಳನ್ನು ಕೇಳಿದರು.

"ಬ್ಯಾರೆ ಕಡಿ ಎಲ್ಲ್ಯಾದ್ರೂ ಕಚ್ಚ್ಯಾದೇನವ್ವಾ? ಕೈಗೆ, ಮುಖಕ್ಕ?"

"ಇಲ್ರೀ."

"ಅಂಜಿಕಿ ಆಗಾಕತ್ತದೇನು ಸೂಜಿಗೆ?"

"ಇಲ್ರೀ," ಎಂದಳು ಮಗಳು. ಸೂಜಿ ತೋಳಿಗೆ ಇಳಿಯುವಾಗ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದಳು. ನರ್ಸು ಎಂಥ ಧೈರ್ಯದ ಹುಡುಗಿ ಎಂದು ಹೊಗಳಿದಳು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಆ ನಾಯಿಯ ಮೇಲೆ ಕಣ್ಣಿಡಿ. ಅದು ಆರಾಮಾಗಿ ಓಡಾಡಿಕೊಂಡಿದ್ದರೆ ಒಳ್ಳೆಯದು. ಸತ್ತರೆ, ಕಾಣೆಯಾದರೆ, ಬಂದು ಹೇಳಿ. ಲಸಿಕೆಯನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ.

ಅಂದಿನಿಂದ ನನ್ನ ಜೀವ ದೇವದುರ್ಗದ ಒಂದು ಬೀದಿನಾಯಿಯ ಕೊರಳಿಗೆ ಕಟ್ಟಿಬಿಟ್ಟಂತಾಯಿತು. ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನಾ ನೋಡಕೋತೀನಿ ಬಿಡು," ಎಂದಳು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಮಾನ್ವಿಯ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ನಾನು ಫೋನು ಮಾಡುತ್ತಿದ್ದೆ. ಉಳಿದವರು ಡಬ್ಬಿ ಬಿಚ್ಚುತ್ತಿದ್ದರು, ನನ್ನದು ಚೀಲದಲ್ಲೇ ಇರುತ್ತಿತ್ತು.

"ಯವ್ವಾ, ನಾಯಿ ಅದ?"

"ಅದ. ಈಗಷ್ಟೇ ರೊಟ್ಟಿ ತಿಂದು ಮಕ್ಕೊಂಡದ."

"ಬಾಯಾಗ ಜೊಲ್ಲು ಸುರಸಾಕತ್ತದೇನು? ನಡಿಯೂದು ನೆಟ್ಟಗದ?"

"ನಿನಗಿಂತ ನೆಟ್ಟಗ ಅದ. ಹೋಗು, ಹುಡುಗರಿಗೆ ಪಾಠ ಮಾಡು."

ಅವ್ವನ ಆ ಒರಟು ಮಾತು ಕೇಳಿದರೆ ಸಂಜೆಯ ತನಕ ಉಸಿರಾಡಲು ಆಗುತ್ತಿತ್ತು. ಸಂಜೆಯ ಬಸ್ಸು ದಾರಿಯ ಕಲ್ಮಲ ಊರು ದಾಟುವ ಹೊತ್ತಿಗೆ ಅದೂ ಮುಗಿಯುತ್ತಿತ್ತು. ಫೋನಿನಲ್ಲಿ ಏನೇನೋ ಓದುತ್ತಿದ್ದೆ. ಓದಬಾರದು ಎಂದು ನಮ್ಮವರು ಆಣೆ ಹಾಕಿದ್ದರು, ಆದರೂ ಓದುತ್ತಿದ್ದೆ. ಹುಚ್ಚುನಾಯಿ ರೋಗ ಬಂದವರಿಗೆ ನೀರು ಕಂಡರೆ ಆಗುವುದಿಲ್ಲ, ಗಂಟಲು ಹಿಡಿಯುತ್ತದೆ, ಆಮೇಲೆ ಔಷಧಿ ಇಲ್ಲ. ಅಷ್ಟು ಸಾಕಾಗಿತ್ತು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಮಗಳಿಗೆ ಲೋಟ ನೀರು ಹಿಡಿಯುತ್ತಿದ್ದೆ. ಕುಡಿ. ಅವಳು ಕುಡಿಯುತ್ತಿದ್ದಳು. ನಾನು ಅವಳ ಗಂಟಲನ್ನು ನೋಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಮತ್ತೆ, ಕುಡಿ. ಒಮ್ಮೆ ಅವಳಿಗೆ ನೆತ್ತಿಗೇರಿ ಕೆಮ್ಮು ಬಂತು. ನನ್ನ ಕೈಯ ಲೋಟ ಬಿದ್ದುಹೋಯಿತು. "ನೆಟ್ಟಗ ಕುಡೀಲಿಕ್ಕಾಗೂದಿಲ್ಲೇನು!" ಎಂದು ಚೀರಿದೆ. ಪಕ್ಕದ ಮನೆಯವರು ಬಂದು ಇಣುಕಿ ಹೋದರು.

ಎರಡನೆಯ ಸೂಜಿಯೂ ಆಯಿತು. ಅದಾದ ಮರುದಿನ ನಾನು ಅವ್ವನಿಗೆ, ನಾಯಿಯ ಫೋಟೋ ಕಳಿಸು ಎಂದೆ. ಸುಮ್ಮನೆ, ಕಣ್ಣಾರೆ ನೋಡಿದರೆ ಸಮಾಧಾನ ಎಂದು. ಅವ್ವ ಫೋನು ಹಾಳಾಗಿದೆ ಎಂದಳು, ಬಿಸಿಲು ಎಂದಳು, ನಾಳೆ ಎಂದಳು. ಕೊನೆಗೆ ಒಂದು ಫೋಟೋ ಬಂತು. ಕಟ್ಟೆಯ ಕೆಳಗೆ ಕೆಂಪು ನಾಯಿಯೊಂದು ತಲೆ ಎತ್ತಿ ನೋಡುತ್ತಿತ್ತು. ನನಗೆ ಅದನ್ನು ತಬ್ಬಿಕೊಳ್ಳಬೇಕು ಅನಿಸಿತು. ಮಗಳನ್ನು ಕರೆದು ತೋರಿಸಿದೆ. "ನೋಡು, ನಿನ್ನ ನಾಯಿ. ಎಷ್ಟು ಆರಾಮ ಅದ."

ಅವಳು ಫೋನನ್ನು ಹತ್ತಿರ ಹಿಡಿದು ನೋಡಿದಳು. "ಇದು ಅದಲ್ಲ ಮಮ್ಮಿ. ಇದರ ಕಿವಿ ಎರಡೂ ಚಲೋ ಅವ."

ನಾನು ಫೋನು ಕಸಿದುಕೊಂಡು ನೋಡಿದೆ. ಎರಡು ಕಿವಿ, ನೆಟ್ಟಗೆ ನಿಂತಿದ್ದವು.

ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹೇಳಿ ಮೊದಲ ಬಸ್ಸಿಗೆ ಮಗಳನ್ನು ಎಳೆದುಕೊಂಡು ದೇವದುರ್ಗಕ್ಕೆ ಹೋದೆ. ನಾಯಿಯನ್ನು ಗುರುತಿಸಲು ಅವಳು ಬೇಕು ಎಂದು ನಮ್ಮವರಿಗೆ ಹೇಳಿದ್ದೆ. ನಿಜವೆಂದರೆ ಅವಳನ್ನು ಕಣ್ಣಿನಿಂದ ಆಚೆ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಅವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಮೊರ ಅವಳ ಕೈಯಲ್ಲೇ ನಿಂತಿತು.

"ನಾಯಿ ಎಲ್ಲಿ?"

"ಒಳಗ ಬಾ. ನೀರು ಕುಡಿ ಮೊದಲು."

"ನಾಯಿ ಎಲ್ಲಿ ಯವ್ವಾ?"

ಅವ್ವ ಮೊರ ಕೆಳಗಿಟ್ಟಳು. "ಸಿಗಲಿಲ್ಲ," ಎಂದಳು.

"ಯಾವತ್ತಿಂದ?"

"ನೀ ಫೋನ್ ಮಾಡಿದ ದಿನದಿಂದ. ಮರಿ ಅದಾವ, ತಾಯಿ ಇಲ್ಲ. ದಿನಾ ಮುಂಜಾನಿ ರೊಟ್ಟಿ ಹಿಡಕೊಂಡು ಸಂತಿ ಬಯಲಿಗೆ ಹೋಗೀನಿ, ಬಸ್‌ಸ್ಟ್ಯಾಂಡಿಗೆ ಹೋಗೀನಿ. ಊರಾಗಿನ ಎಲ್ಲಾ ನಾಯಿ ಕಿವಿ ನೋಡೀನಿ. ಮಂದಿ ಈ ಮುದುಕಿಗೆ ತಲಿ ಕೆಟ್ಟದ ಅಂತ ನಗಾಕತ್ತಾರ."

"ಮತ್ತ ನನಗ ಅದ, ಅದ ಅಂತ ಯಾಕ ಹೇಳಿದಿ? ರೊಟ್ಟಿ ತಿಂತು ಅಂತ ಯಾಕ ಹೇಳಿದಿ?"

"ನೀ ಅಂಜತಿದ್ದಿ. ಅದಕ್ಕ ಹೇಳಿದೆ."

"ನಾ ಅಂಜಿಲ್ಲ!" ಎಂದು ಕೂಗಿದೆ. ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವ್ವನನ್ನು ಇನ್ನೂ ಬೈಯಬೇಕು ಎಂದು ಬಾಯಿ ತೆರೆದೆ. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಿದ್ದವು, ಒಂದೂ ಬರಲಿಲ್ಲ. ಜೋಳದ ರಾಶಿಯ ಪಕ್ಕದಲ್ಲೇ ಕುಸಿದು ಕೂತೆ.

"ಅಂಜೀನಿ ಯವ್ವಾ," ಎಂದೆ. "ನನಗ ಭಾಳ ಅಂಜಿಕಿ ಆಗ್ಯಾದ. ಈಕಿ ನೀರು ಕುಡಿಯೂ ಮುಂದ ಅಂಜಿಕಿ, ಮಕ್ಕೊಂಡಾಗ ಅಂಜಿಕಿ. ಈಕಿ ಹೋಗಿಬಿಟ್ರ ನಾ ಹ್ಯಾಂಗ ಇರಲಿ? ಬಸ್ಸಿನಾಗ ಕುಂತ್ರ ಅದ, ಪಾಠ ಮಾಡಿದ್ರ ಅದ. ನನ್ನ ಕಡಿಂದ ಆಗವಲ್ದು."

ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. "ನನಗೂ," ಎಂದಳು. ನನ್ನ ನಲವತ್ತು ವರ್ಷದಲ್ಲಿ ನಮ್ಮವ್ವನ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಅಪ್ಪ ತೀರಿಕೊಂಡ ದಿನವೂ ಅವಳು ಇದನ್ನು ಅಂದಿರಲಿಲ್ಲ.

ಮಗಳು ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಅಳುತ್ತಿದ್ದ ನಮ್ಮಿಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನಿಧಾನವಾಗಿ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಮಮ್ಮಿ, ಸಿಟ್ಟಿಗೇಳಬ್ಯಾಡ."

"ಇಲ್ಲ."

"ಹೊಡಿಬ್ಯಾಡ."

"ಇಲ್ಲವ್ವಾ."

ಅವಳು ತಲೆ ಬಗ್ಗಿಸಿ, ಎಡಗಿವಿಯ ಹಿಂದಿನ ಕೂದಲನ್ನು ಎರಡೂ ಕೈಯಿಂದ ಬಿಡಿಸಿದಳು. "ಇಲ್ಲೂ ಕಚ್ಚ್ಯಾದ."

ದಟ್ಟ ಕೂದಲ ಬುಡದಲ್ಲಿ ಹೆಪ್ಪುಗಟ್ಟಿದ ಎರಡು ಕಲೆ. ಹಲ್ಲು ಇಳಿದ ಜಾಗ. ಹಿಂದಿನ ವಾರದಿಂದ ಅವಳು ನನಗೆ ಜಡೆ ಹಾಕಲು ಬಿಟ್ಟಿರಲಿಲ್ಲ, ತಾನೇ ಬಾಚಿಕೊಂಡು ರಬ್ಬರು ಹಾಕಿಕೊಳ್ಳುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಿದ್ದೆ. ಕಾಲಿಗೆ ಬಾಯಿ ಹಾಕಿದ ನಾಯಿ ಅವಳು ಬಿದ್ದ ಮೇಲೆ ತಲೆಗೂ ಬಾಯಿ ಹಾಕಿತ್ತು. ಓಣಿಯ ನಲ್ಲಿಯಲ್ಲಿ ತಾನೇ ರಕ್ತ ತೊಳೆದುಕೊಂಡು, ಒದ್ದೆ ಕೂದಲಿನಲ್ಲೇ ಬಂದು ನಮ್ಮ ಜೊತೆ ಊಟಕ್ಕೆ ಕೂತಿದ್ದಳು.

"ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲ ಕೂಸ?" ಅವ್ವ ಕೇಳಿದಳು.

"ಹೇಳಿದ್ರ ಅಂಜಿಕಿ ಆತೇನು ಅಂತ ಕೇಳ್ತಾರ. ಅಂಜಿಕಿ ಹೋತು ಅಂತ ನಾ ಮೊದಲೇ ಹೇಳಿಬಿಟ್ಟೀನಲ್ಲ ಅಜ್ಜಿ." ಅವಳು ನಮಗೆ ಬಹಳ ಸರಳವಾದ ಲೆಕ್ಕ ಹೇಳಿಕೊಡುವವಳಂತೆ ಹೇಳಿದಳು. "ಆಮ್ಯಾಲ ಮತ್ತ ಆಗ್ಯಾದ ಅಂದ್ರ ಸುಳ್ಳು ಹೇಳಿದಂಗ ಆಗ್ತಿತ್ತು. ಕುಡಗೋಲು ಮತ್ತ ಕಾಸ್ತಿದ್ರಿ."

ಮುಂದೆ ಏನಾಯಿತು ಎಂದು ಓದುವವರನ್ನು ಕಾಡಿಸುವ ಮನಸ್ಸು ನನಗಿಲ್ಲ. ಮಗಳು ಚೆನ್ನಾಗಿದ್ದಾಳೆ. ಈಗ ಮೂರನೇ ತರಗತಿ ಮುಗಿಸುತ್ತಿದ್ದಾಳೆ. ಆ ನಾಯಿ ಮಾತ್ರ ಕೊನೆಗೂ ಸಿಗಲಿಲ್ಲ. ಅದಕ್ಕೆ ರೋಗವಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಇವತ್ತಿಗೂ ಅವಳು ನೀರು ಕುಡಿಯುವಾಗ ನನ್ನ ಕಣ್ಣು ಅವಳ ಗಂಟಲಿಗೆ ಹೋಗುತ್ತದೆ.

ಆದರೆ ಆ ದಿನ ನಮಗೆ ಇದೇನೂ ಗೊತ್ತಿರಲಿಲ್ಲ. ಅಣ್ಣ ಯಾರದೋ ಜೀಪು ತಂದ. ಅವ್ವ ಜೋಳವನ್ನು ಹಾಗೆಯೇ ಬಿಟ್ಟು, ಕಾಲಿಗೆ ಚಪ್ಪಲಿ ಕೂಡ ಇಲ್ಲದೆ ಹತ್ತಿ ಕೂತಳು. ಮಗಳ ತಲೆ ನನ್ನ ಮಡಿಲಲ್ಲಿತ್ತು, ರಾಯಚೂರು ಮುಟ್ಟುವ ತನಕ ಆ ಎರಡು ಕಲೆಗಳಿಂದ ನಾನು ಕಣ್ಣು ತೆಗೆಯಲಿಲ್ಲ.

ಡಾಕ್ಟರು ಕೂದಲು ಕತ್ತರಿಸಿ ಗಾಯ ನೋಡಿದರು. ಅವರ ಮುಖದ ಶಾಂತಿ ಹೋಗಿತ್ತು. ಇದು ಗೀಚಿದ್ದಲ್ಲ, ಕಚ್ಚಿದ್ದು, ಅದೂ ತಲೆಗೆ. ಮಿದುಳಿಗೆ ಹತ್ತಿರ ಇದ್ದಷ್ಟೂ ಅಪಾಯ. ಬರೀ ಲಸಿಕೆ ಸಾಲದು, ಗಾಯದೊಳಗೇ ಬೇರೆ ಔಷಧಿ ಹಾಕಬೇಕು, ಅದನ್ನು ಹಾಕಲು ಇನ್ನೂ ಸಮಯವಿದೆ, ಆದರೆ ಇನ್ನೊಂದೆರಡು ದಿನ ಬಿಟ್ಟು ಬಂದಿದ್ದರೆ ಹಾಕಲು ಬರುತ್ತಿರಲಿಲ್ಲ ಎಂದರು. ಇನ್ನೊಂದೆರಡು ದಿನ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

"ಭಾಳ ನೋವಾಗ್ತದ," ಎಂದು ಡಾಕ್ಟರು ನನಗೆ ಮೆಲ್ಲಗೆ ಹೇಳಿದರು. "ಗಟ್ಟಿ ಹಿಡಕೋರ್ರಿ."

ನಾನು ಕೈ ಹಿಡಿದೆ, ನರ್ಸು ತಲೆ ಹಿಡಿದಳು. ಸೂಜಿ ಹತ್ತಿರ ಬರುತ್ತಿದ್ದಂತೆ ಮಗಳ ಮೈ ಸೆಟೆದುಕೊಂಡಿತು. ಹಲ್ಲು ಕಚ್ಚಿದಳು, ಕಣ್ಣು ಮುಚ್ಚಿದಳು, ತುಟಿಯನ್ನು ಒಳಗೆ ಎಳೆದುಕೊಂಡಳು. ಮೊದಲ ಸೂಜಿ ಹೋಯಿತು. ಸದ್ದಿಲ್ಲ. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಸೇರಿತು.

ಹೊರಗೆ ನಿಲ್ಲಬೇಕಾಗಿದ್ದ ಅವ್ವ ಯಾವಾಗ ಒಳಗೆ ಬಂದಳೋ. ಬರಿಗಾಲಿನಲ್ಲಿ, ಮೈತುಂಬ ಜೋಳದ ಧೂಳು. ನರ್ಸು ಹೊರಗೆ ನಡೆಯಿರಿ ಎಂದರೂ ಕೇಳದೆ ಮಂಚದ ಪಕ್ಕಕ್ಕೆ ಬಂದು ಮೊಮ್ಮಗಳ ಗಲ್ಲ ಹಿಡಿದಳು.

"ಬಾಯಿ ತಗೀ ಯವ್ವಾ," ಎಂದಳು. "ಚೀರು. ಅಂಜಿಕಿ ಆಗಾಕತ್ತದಂತ ಚೀರು. ದವಾಖಾನಿಗೆಲ್ಲ ಕೇಳಲಿ."

ಮಗಳು ಕಣ್ಣು ತೆರೆದು ಅಜ್ಜಿಯನ್ನು ನೋಡಿದಳು. ಎರಡನೆಯ ಸೂಜಿ ಇಳಿಯಿತು. ಅವಳು ಬಾಯಿ ತೆರೆದು ಚೀರಿದಳು.

"ಇನ್ನೂ ಜೋರಾಗಿ," ಎಂದಳು ನಮ್ಮವ್ವ. "ಇನ್ನೂ ಜೋರಾಗಿ ನನ ಕೂಸ."